ಮುರಿದ ದವಡೆಗೆ ಆಘಾತ ತರಂಗ

ಮುರಿದ ವಸ್ತುವನ್ನು ಕೂಡಿಸುವ ಕಸುಬುಗಳು ನಮ್ಮಲ್ಲಿ ಎಷ್ಟೋ ಇವೆ. ಕಬ್ಬಿಣದ ಸರಳು ಮುರಿದರೆ ಕಮ್ಮಾರನು ಬೆಸೆದು ಕೊಡುತ್ತಾನೆ. ನೇಗಿಲು ಸೀಳಿದರೆ ಬಡಗಿಯು ಪಟ್ಟಿ ಹೊಡೆಯುತ್ತಾನೆ. ಬಟ್ಟೆ ಹರಿದರೆ ದರ್ಜಿಯು ತೇಪೆ ಹಾಕುತ್ತಾನೆ. ಆದರೆ ಬೆಸುಗೆ ಬೆಸುಗೆಯಾಗಿಯೇ ಉಳಿಯುತ್ತದೆ, ತೇಪೆ ತೇಪೆಯಾಗಿಯೇ ಉಳಿಯುತ್ತದೆ. ನಮ್ಮ ಚರ್ಮದ ಪಾಡೂ ಇದೇ. ಆಳವಾದ ಗಾಯ ಮಾಯ್ದ ಮೇಲೂ ಅದರ ಕಲೆ ಮಾಯುವುದಿಲ್ಲ. ಈ ನಿಯಮಕ್ಕೆ ಹೊರತಾದುದು ಮೂಳೆ. ಮುರಿದ ಮೂಳೆ ಸರಿಯಾಗಿ ಕೂಡಿಕೊಂಡಿತೆಂದರೆ, ಕೂಡಿದ ಜಾಗದಲ್ಲಿ ಇರುವುದು ಕಲೆಯೂ ಅಲ್ಲ, ತೇಪೆಯೂ ಅಲ್ಲ. ಅದು ಅಪ್ಪಟ ಮೂಳೆಯೇ. ಕೆಲವು ವರ್ಷ ಕಳೆದ ಮೇಲೆ ಕ್ಷ-ಕಿರಣ ಚಿತ್ರ ತೆಗೆದರೆ ಎಲ್ಲಿ ಮುರಿದಿತ್ತೆಂದು ಹೇಳುವುದೇ ಎಷ್ಟೋ ವೇಳೆ ಕಷ್ಟವಾಗುತ್ತದೆ.

ಇಂಥ ಮೂಳೆಗೂ ಒಂದು ದೋಷವುಂಟು. ಅದು ನಿಧಾನಸ್ಥ. ನಾವು ಎಷ್ಟು ಅವಸರಪಟ್ಟರೂ ಅದು ತನ್ನ ವಾರಗಳನ್ನು ತೆಗೆದುಕೊಂಡೇ ತೀರುತ್ತದೆ. ಈ ವಾರಗಳನ್ನು ಕಡಮೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆಗೆ ವೈದ್ಯರು ಹುಡುಕಿದ ಉತ್ತರಗಳಲ್ಲಿ ಆಘಾತ ತರಂಗವೂ ಒಂದು. ಮುಖದ ಶಸ್ತ್ರಕ್ರಿಯೆಯಲ್ಲಿ, ಅದರಲ್ಲಿಯೂ ದವಡೆಯ ಶಸ್ತ್ರಕ್ರಿಯೆಯಲ್ಲಿ, ಅದನ್ನು ಹೇಗೆ ಬಳಸಲು ಯತ್ನಿಸುತ್ತಿದ್ದಾರೆ, ಅದರಲ್ಲಿ ಸಿದ್ಧವಾದುದೆಷ್ಟು, ಇನ್ನೂ ಸಾಧ್ಯವಾಗಬೇಕಾದುದೆಷ್ಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ಇತಿಹಾಸ ಮತ್ತು ಅರ್ಥಶಾಸ್ತ್ರಗಳ ವಿದ್ಯಾರ್ಥಿ; ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದುದರಿಂದ ಅದನ್ನು ಓದಿ ತಿಳಿಯುವುದು ನನಗೆ ಅನಿವಾರ್ಯವಾಯಿತು. ಆ ಸಂಗತಿ ಮುಂದೆ ಅದರ ಜಾಗದಲ್ಲಿ ಬರುತ್ತದೆ.

ಮೊದಲು ಮೂಳೆ ಕೂಡುವ ಬಗೆಯನ್ನು ನೋಡೋಣ. ಮೂಳೆಯನ್ನು ಕಲ್ಲಿನಂತಹ ಜಡವಸ್ತುವೆಂದು ಭಾವಿಸುವುದು ವಾಡಿಕೆ. ಆದರೆ ಅದರೊಳಗೆ ರಕ್ತನಾಳಗಳಿವೆ, ಜೀವಕೋಶಗಳಿವೆ. ಈ ಕೋಶಗಳಲ್ಲಿ ಒಂದು ವರ್ಗದವು ಹಳೆಯ ಮೂಳೆಯನ್ನು ಕರಗಿಸುತ್ತವೆ. ಇನ್ನೊಂದು ವರ್ಗದವು ಹೊಸ ಮೂಳೆಯನ್ನು ಕಟ್ಟುತ್ತವೆ. ಹಳೆಯ ಮನೆಯ ಗೋಡೆಯನ್ನು ಒಂದು ಕಡೆ ಕೆಡವುತ್ತ ಇನ್ನೊಂದು ಕಡೆ ಕಟ್ಟುತ್ತ ಹೋಗುವ ಗೃಹಸ್ಥನಂತೆ ನಮ್ಮ ಶರೀರವು ಜೀವಮಾನವಿಡೀ ತನ್ನ ಎಲುಬುಗೂಡನ್ನು ಹೊಸದು ಮಾಡಿಕೊಳ್ಳುತ್ತಿರುತ್ತದೆ.

ಮೂಳೆ ಮುರಿದೊಡನೆ ಒಳಗಿನ ರಕ್ತನಾಳಗಳು ಹರಿದು ಆ ಸಂದಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ದಿನ ಆ ಭಾಗ ಊದಿಕೊಂಡು ಬಿಸಿಯಾಗಿರುತ್ತದೆ. ನೋಡುವವರಿಗೆ ಅದು ಕೇಡಾಗಿ ಕಂಡರೂ ರಿಪೇರಿಯ ಕೆಲಸಕ್ಕೆ ಆಳುಗಳನ್ನು ಕರೆಯುವ ಕೂಗು ಅದೇ. ಬಳಿಕ ಹೆಪ್ಪಿನ ಜಾಗದಲ್ಲಿ ಸಣ್ಣ ಸಣ್ಣ ಹೊಸ ರಕ್ತನಾಳಗಳು ಚಿಗುರುತ್ತವೆ. ನಾರಿನಂತಹ ಅಂಗಾಂಶವೂ ಮೆದುವಾದ ಮೃದ್ವಸ್ಥಿಯೂ ತುಂಬಿಕೊಳ್ಳುತ್ತವೆ. ಎರಡು ಮೂರು ವಾರಗಳಲ್ಲಿ ಈ ಮೆದು ಗಂಟು ಎರಡು ತುದಿಗಳನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ಅದರಲ್ಲಿ ಸುಣ್ಣದ ಲವಣಗಳು ಸೇರಿ ಗಟ್ಟಿಯಾಗುತ್ತದೆ. ಕೊನೆಯದಾಗಿ, ಅಗತ್ಯಕ್ಕಿಂತ ದಪ್ಪವಾಗಿ ಬೆಳೆದ ಗಂಟನ್ನು ಶರೀರವೇ ಕೊರೆದು ಕೊರೆದು ಹಿಂದಿನ ಆಕಾರಕ್ಕೆ ತರುತ್ತದೆ. ಈ ಕೊನೆಯ ಕೆಲಸ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ನಡೆಯುತ್ತದೆ. ಈ ಕೆಲಸಕ್ಕೆಲ್ಲ ಮುಖ್ಯವಾಗಿ ಬೇಕಾದುವು ಎರಡು: ಒಂದು ರಕ್ತದ ಪೂರೈಕೆ, ಇನ್ನೊಂದು ಅಲುಗಾಡದಿರುವಿಕೆ. ಇವೆರಡನ್ನೂ ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲವೂ ಇವುಗಳನ್ನೇ ಆಶ್ರಯಿಸಿದೆ.

ಇನ್ನು ದವಡೆಯ ವಿಚಾರ. ಕೈಮುರಿದವನಿಗೆ ಬಿದಿರಿನ ದಬ್ಬೆ ಕಟ್ಟಿ ಕೂರಿಸುವ ನಾಟಿ ವೈದ್ಯರು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಆದರೆ ಕೆಳದವಡೆಗೆ ದಬ್ಬೆ ಕಟ್ಟುವುದೆಂತು? ತಲೆಬುರುಡೆಯ ದೊಡ್ಡ ಮೂಳೆಗಳಲ್ಲೆಲ್ಲ ಕೀಲಿನ ಮೇಲೆ ಆಡುವುದು ಇದೊಂದೇ. ಮಾತನಾಡಲು, ಅಗಿಯಲು, ನುಂಗಲು, ಆಕಳಿಸಲು ಕೂಡ ಅದು ಆಡಲೇಬೇಕು. ಅಗಿಯುವ ಸ್ನಾಯುಗಳೋ ಬಹು ಬಲಶಾಲಿಗಳು; ಮುರಿದ ತುಂಡುಗಳನ್ನು ಅವು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಹಲ್ಲಿರುವ ಜಾಗದಲ್ಲಿ ಮುರಿದರೆ ಬಾಯಿಯ ಎಂಜಲೂ ಅದರೊಳಗಿನ ಅಸಂಖ್ಯ ಸೂಕ್ಷ್ಮಜೀವಿಗಳೂ ನೇರವಾಗಿ ಮೂಳೆಯ ಸಂದಿಗೆ ಇಳಿಯುತ್ತವೆ. ಆದುದರಿಂದಲೇ ದವಡೆ ಮುರಿದವರಿಗೆ ಮೇಲಿನ ಹಲ್ಲುಗಳನ್ನೂ ಕೆಳಗಿನ ಹಲ್ಲುಗಳನ್ನೂ ತಂತಿಯಿಂದ ಬಿಗಿದು ನಾಲ್ಕರಿಂದ ಆರು ವಾರ ಬಾಯಿ ಮುಚ್ಚಿಸಿಡುವ ಪದ್ಧತಿ ಬಂದಿತು. ೧೯೭೦ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ ಮತ್ತು ಶಾಂಪಿ ಎಂಬ ಶಸ್ತ್ರವೈದ್ಯರು ಸಣ್ಣ ಲೋಹದ ಪಟ್ಟಿಗಳನ್ನು ಬಾಯಿಯ ಒಳಗಿನಿಂದಲೇ ಸ್ಕ್ರೂ ಹಾಕಿ ಕೂರಿಸುವ ವಿಧಾನವನ್ನು ಬಳಕೆಗೆ ತಂದ ಮೇಲೆ ಈ ಬಂಧನ ಬಹಳ ಮಂದಿಗೆ ತಪ್ಪಿತು. ಆದರೂ ಮೂಳೆ ಕೂಡುವ ಕಾಲ ಮಾತ್ರ ಹೆಚ್ಚುಕಡಮೆ ಅಷ್ಟೇ ಉಳಿಯಿತು.

ಮುರಿದ ದವಡೆಗಿಂತಲೂ ಹೆಚ್ಚು ತಾಳ್ಮೆಯನ್ನು ಬೇಡುವುದು ಗಿಡ್ಡ ದವಡೆಯನ್ನು ಉದ್ದ ಮಾಡುವ ಶಸ್ತ್ರಕ್ರಿಯೆ. ಕೆಲವು ಶಿಶುಗಳು ಅತಿ ಸಣ್ಣ ಕೆಳದವಡೆಯೊಂದಿಗೆ ಹುಟ್ಟುತ್ತವೆ. ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ಎಳವೆಯಲ್ಲಿ ಗಲ್ಲಕ್ಕೆ ಪೆಟ್ಟು ಬಿದ್ದೋ ಕಿವಿಯ ಸೋಂಕಿನಿಂದಲೋ ಕೀಲು ಬೆಸೆದುಹೋದ ಮಕ್ಕಳಲ್ಲಿಯೂ ದವಡೆ ಬೆಳೆಯದೆ ನಿಂತುಬಿಡುತ್ತದೆ. ಇಂಥವರಿಗೆ ಒದಗಿಬಂದದ್ದು ಸೈಬೀರಿಯದ ಕುರ್ಗಾನ್ ಪಟ್ಟಣದ ವೈದ್ಯ ಗವ್ರೀಲ್ ಇಲಿಝಾರೋವರ ವಿದ್ಯೆ. ಮೂಳೆಯನ್ನು ಕೊಯ್ದು, ಕೆಲವು ದಿನ ಬಿಟ್ಟು, ಎರಡು ತುದಿಗಳನ್ನೂ ದಿನಕ್ಕೆ ಒಂದು ಮಿಲಿಮೀಟರಿನಷ್ಟು ನಿಧಾನವಾಗಿ ದೂರ ಸರಿಸುತ್ತ ಹೋದರೆ ನಡುವಿನ ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆಂದು ಅವರು ೧೯೫೦ರ ದಶಕದಿಂದ ಮುಂದಕ್ಕೆ ಕೈಕಾಲುಗಳ ಮೇಲೆ ತೋರಿಸಿಕೊಟ್ಟರು. ೧೯೭೩ರಲ್ಲಿ ಸ್ನೈಡರ್ ಮತ್ತು ಅವರ ಸಂಗಡಿಗರು ಇದನ್ನು ನಾಯಿಯ ದವಡೆಯ ಮೇಲೆ ಪ್ರಯೋಗಿಸಿದರು. ೧೯೯೨ರಲ್ಲಿ ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ ಮತ್ತು ಅವರ ಸಂಗಡಿಗರು ನಾಲ್ವರು ಮಕ್ಕಳ ದವಡೆಯನ್ನು ಈ ರೀತಿ ಬೆಳೆಸಿದ ವರದಿಯನ್ನು ಪ್ರಕಟಿಸಿದರು.

ಇಲ್ಲಿ ಎಳೆಯುವ ಕೆಲಸ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಆದರೆ ಎಳೆದು ಬೆಳೆಸಿದ ಮೂಳೆ ಮೊದಲು ಹಸಿ ಜೇಡಿಮಣ್ಣಿನಂತೆ. ಅದು ಗಟ್ಟಿಯಾಗುವವರೆಗೆ, ಅಂದರೆ ಮತ್ತೆ ಆರೆಂಟು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಎಳೆಯುವ ಉಪಕರಣವನ್ನು ದವಡೆಯ ಮೇಲೆಯೇ ಬಿಟ್ಟಿರಬೇಕು. ಹಸುಗೂಸಿನ ಮುಖದ ಮೇಲೆ ಒಂದು ಲೋಹದ ಯಂತ್ರ ಎರಡು ತಿಂಗಳು ಇರಬೇಕೆಂದರೆ ತಾಯಿಗೆ ಎಷ್ಟು ಸಂಕಟ, ಸೋಂಕಿಗೆ ಎಷ್ಟು ಅವಕಾಶ ಎಂಬುದನ್ನು ಊಹಿಸಬಹುದು. ಈ ಎರಡು ತಿಂಗಳನ್ನು ಒಂದು ತಿಂಗಳಾಗಿಸಿದರೂ ಅದು ದೊಡ್ಡ ಉಪಕಾರವೇ. ಆಘಾತ ತರಂಗದ ಮೇಲೆ ದವಡೆಯ ವೈದ್ಯರ ಕಣ್ಣು ಬಿದ್ದುದು ಇದಕ್ಕಾಗಿ.

ಆಘಾತ ತರಂಗವೆಂದರೆ ವಿದ್ಯುತ್ತಿನ ಶಾಕ್ ಎಂದು ತಿಳಿಯಬಾರದು. ಅದು ಶಬ್ದದ ಜಾತಿಗೆ ಸೇರಿದ ಒತ್ತಡದ ಅಲೆ. ಸಾಧಾರಣ ಶಬ್ದದಲ್ಲಿ ಒತ್ತಡವು ಕೆರೆಯ ತೆರೆಯಂತೆ ನಯವಾಗಿ ಏರಿ ಇಳಿಯುತ್ತದೆ. ಆಘಾತ ತರಂಗದಲ್ಲಾದರೋ ಒತ್ತಡ ಗೋಡೆಯಂತೆ ನೆಟ್ಟಗೆ ಏರುತ್ತದೆ. ಸಿಡಿಲು ಹೊಡೆದಾಗ, ಬಂಡೆಗೆ ಮದ್ದಿಟ್ಟು ಸಿಡಿಸಿದಾಗ, ವಿಮಾನವು ಶಬ್ದಕ್ಕಿಂತ ವೇಗವಾಗಿ ಹಾರಿದಾಗ ಹುಟ್ಟುವುದು ಇಂಥ ಅಲೆಯೇ. ವೈದ್ಯರು ಬಳಸುವ ತರಂಗದಲ್ಲಿ ಒತ್ತಡವು ಒಂದು ಸೆಕೆಂಡಿನ ಕೋಟಿಯಲ್ಲಿ ಕೆಲವು ಪಾಲು ಕಾಲದೊಳಗೆ ವಾಯುಮಂಡಲದ ಒತ್ತಡದ ನೂರಾರು ಪಟ್ಟಿಗೆ ಏರಬಲ್ಲುದು. ಕೆಲವು ಮೈಕ್ರೋಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಒತ್ತುವ ಗಳಿಗೆಯ ಹಿಂದೆಯೇ ಎಳೆಯುವ ಗಳಿಗೆಯೂ ಬರುತ್ತದೆ. ಹೀಗೆ ಒಂದೊಂದು ಪೆಟ್ಟಿನಲ್ಲಿಯೂ ಅಂಗಾಂಶವನ್ನು ಒಮ್ಮೆ ಹಿಸುಕಿ ಒಮ್ಮೆ ಸೆಳೆದಂತಾಗುತ್ತದೆ.

ಇದರ ವೈದ್ಯಕೀಯ ಚರಿತ್ರೆ ಕುತೂಹಲಕರವಾದುದು. ಜರ್ಮನಿಯ ಡೋರ್ನಿಯೆ ಎಂಬ ವಿಮಾನ ತಯಾರಿಕೆಯ ಸಂಸ್ಥೆಯವರು ಅತಿ ವೇಗದ ವಿಮಾನಗಳಿಗೆ ಮಳೆಹನಿಗಳು ತಾಗಿದಾಗ ಆಗುವ ಹಾನಿಯನ್ನು ಪರೀಕ್ಷಿಸುತ್ತಿದ್ದರು. ಹನಿ ಬಡಿದ ಜಾಗದಲ್ಲಿ ಮಾತ್ರವಲ್ಲ, ಆಘಾತದ ಅಲೆ ಲೋಹದೊಳಗೆ ಹರಿದು ದೂರದಲ್ಲಿಯೂ ಕೆಲಸ ಮಾಡುತ್ತದೆಂದು ಅವರಿಗೆ ತಿಳಿಯಿತು. ಹಾಗಾದರೆ ಶರೀರವನ್ನು ಕೊಯ್ಯದೆಯೇ ಒಳಗಿನ ಕಲ್ಲನ್ನು ಒಡೆಯಬಾರದೇಕೆ ಎಂಬ ಯೋಚನೆ ಹುಟ್ಟಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದ ಕ್ರಿಶ್ಚಿಯನ್ ಶೌಸಿ ಮತ್ತು ಅವರ ಸಹೋದ್ಯೋಗಿಗಳು ಹಲವು ವರ್ಷ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ೧೯೮೦ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಪುಡಿಮಾಡಿದರು. ಅಂದಿನ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಬೇಕಾಗಿತ್ತು. ಈಗ ಚರ್ಮಕ್ಕೆ ಜೆಲ್ ಸವರಿ ನೀರು ತುಂಬಿದ ಮೆತ್ತೆಯನ್ನು ಒತ್ತಿ ಹಿಡಿದರೆ ಸಾಕು. ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ಕಲ್ಲೊಡೆಯುವ ಈ ಚಿಕಿತ್ಸೆಯ ಹೆಸರನ್ನು ಕೇಳದವರು ವಿರಳ.

ನೀರೇ ಏಕೆ ಬೇಕು? ಅಲೆಯು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎರಡೂ ಹೆಚ್ಚುಕಡಮೆ ಒಂದೇ ಬಗೆಯವಾದರೆ ಸಲೀಸಾಗಿ ದಾಟುತ್ತದೆ. ಬಹಳ ಭಿನ್ನವಾದರೆ ಹಿಂದಕ್ಕೆ ಪುಟಿಯುತ್ತದೆ. ನಮ್ಮ ಮಾಂಸವು ಈ ಮಟ್ಟಿಗೆ ನೀರಿನಂತೆಯೇ ಇದೆ. ಎರಡರಲ್ಲಿಯೂ ಶಬ್ದವು ಸೆಕೆಂಡಿಗೆ ಸುಮಾರು ೧೫೦೦ ಮೀಟರ್ ಓಡುತ್ತದೆ. ಗಾಳಿಯಲ್ಲಿ ಅದು ೩೪೦ ಮೀಟರ್ ಮಾತ್ರ, ಅದರ ಸಾಂದ್ರತೆಯೂ ಅತ್ಯಲ್ಪ. ಆದುದರಿಂದ ನೀರಿನಿಂದ ಮಾಂಸಕ್ಕೆ ಅಲೆಯು ತಡೆಯಿಲ್ಲದೆ ಹೋಗುತ್ತದೆ. ನಡುವೆ ಗಾಳಿಯ ತೆಳುಪೊರೆ ಇದ್ದರೂ ಬಹುಪಾಲು ಹಿಂದಿರುಗಿಬಿಡುತ್ತದೆ. ಕಲ್ಲು ಮತ್ತು ಮೂಳೆಗಳು ಮಾಂಸಕ್ಕಿಂತ ಭಿನ್ನವಾದುದರಿಂದ ಅಲೆಯ ಶಕ್ತಿ ಅವುಗಳ ಅಂಚಿನಲ್ಲಿ ಪ್ರಕಟವಾಗುತ್ತದೆ. ಮಾಂಸಕ್ಕೆ ಹೆಚ್ಚು ನೋವಾಗದೆ ಕಲ್ಲು ಒಡೆಯುವ ಗುಟ್ಟು ಇದು.

ಅಲೆಯನ್ನು ಒಂದೇ ಜಾಗಕ್ಕೆ ಕೂಡಿಸುವ ಉಪಾಯವು ನಾವು ಗಣಿತದ ತರಗತಿಯಲ್ಲಿ ಕಲಿತದ್ದೇ. ದೀರ್ಘವೃತ್ತಕ್ಕೆ ಎರಡು ನಾಭಿಗಳುಂಟು. ಒಂದು ನಾಭಿಯಿಂದ ಹೊರಟ ಕಿರಣ ಯಾವ ದಿಕ್ಕಿನಲ್ಲಿ ಗೋಡೆಗೆ ತಾಗಿದರೂ ಪುಟಿದು ಇನ್ನೊಂದು ನಾಭಿಗೇ ಬರುತ್ತದೆ. ದೀರ್ಘವೃತ್ತಾಕಾರದ ಲೋಹದ ಬಟ್ಟಲಿನ ಒಂದು ನಾಭಿಯಲ್ಲಿ, ನೀರೊಳಗೆ, ಮೋಟಾರಿನ ಸ್ಪಾರ್ಕ್ ಪ್ಲಗ್ಗಿನಂತಹ ಕಿಡಿಯನ್ನು ಹಾರಿಸುತ್ತಾರೆ. ಅಲೆಗಳೆಲ್ಲವೂ ಎರಡನೆಯ ನಾಭಿಯಲ್ಲಿ ಸಂಧಿಸುತ್ತವೆ. ಅಲ್ಲಿ ರೋಗದ ಜಾಗ ಬರುವಂತೆ ರೋಗಿಯನ್ನು ಹೊಂದಿಸುತ್ತಾರೆ. ಕಿಡಿಗೆ ಬದಲಾಗಿ ವಿದ್ಯುತ್ ಕಾಂತದಿಂದ ಒಂದು ಲೋಹದ ಪೊರೆಯನ್ನು ತಟ್ಟನೆ ತಳ್ಳುವ ಯಂತ್ರಗಳೂ, ವಿದ್ಯುತ್ ಹರಿಸಿದರೆ ಹಿಗ್ಗುವ ಹರಳುಗಳನ್ನು ಬಟ್ಟಲಿನ ತುಂಬ ಜೋಡಿಸಿದ ಯಂತ್ರಗಳೂ ಇವೆ. ವಿಜಯಪುರದ ಗೋಳಗುಮ್ಮಟದಲ್ಲಿ ಈಚೆ ಗೋಡೆಯ ಪಿಸುಮಾತು ಆಚೆ ಗೋಡೆಯ ಬಳಿ ಕೇಳುವುದನ್ನು ನೋಡಿದವರಿಗೆ ಇದು ನೆನಪಾಗಬಹುದು. ಆದರೆ ಅಲ್ಲಿ ಶಬ್ದವು ದುಂಡುಗೋಡೆಯನ್ನು ಹಿಡಿದು ಜಾರುತ್ತ ಸಾಗುತ್ತದೆ. ಇಲ್ಲಿ ಒಂದು ಬಿಂದುವಿನಿಂದ ಹೊರಟು ಇನ್ನೊಂದು ಬಿಂದುವಿನಲ್ಲಿ ಕೂಡುತ್ತದೆ. ಎರಡೂ ಗೋಡೆಯ ಆಕಾರದ ಮಹಿಮೆಯೇ.

ಕಲ್ಲಿನಿಂದ ಮೂಳೆಗೆ ಈ ಚಿಕಿತ್ಸೆ ಬಂದ ದಾರಿ ಅನಿರೀಕ್ಷಿತವಾದುದು. ಮೂತ್ರನಾಳದ ಕೆಳಭಾಗದ ಕಲ್ಲನ್ನು ಒಡೆಯುವಾಗ ಅಲೆಯು ಸೊಂಟದ ಮೂಳೆಯನ್ನು ಹಾಯಬೇಕಾಗುತ್ತಿತ್ತು. ಇದರಿಂದ ಮೂಳೆಗೆ ಕೇಡಾಗುವುದೋ ಎಂದು ೧೯೮೦ರ ದಶಕದ ನಡುವಿನಲ್ಲಿ ಜರ್ಮನಿಯ ವೈದ್ಯರು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಮೂಳೆಕೋಶಗಳಲ್ಲಿ ಹೊಸ ಚಟುವಟಿಕೆಯೇ ಕಂಡುಬಂದಿತು. ಕೇಡನ್ನು ಹುಡುಕಹೋದವರಿಗೆ ಮದ್ದು ದೊರೆಯಿತು. ೧೯೯೧ರಲ್ಲಿ ಬಲ್ಗೇರಿಯದ ವಾಲ್ಚಾನೋವ್ ಮತ್ತು ಮಿಖಾಯ್ಲೋವ್ ಎಂಬ ವೈದ್ಯರು, ಕಾಲ ಮೀರಿದರೂ ಕೂಡದ ಮೂಳೆಗಳ ಮೇಲೆ ಈ ಅಲೆಯನ್ನು ಪ್ರಯೋಗಿಸಿ, ನೂರಕ್ಕೆ ಸುಮಾರು ೮೫ ಮಂದಿಯಲ್ಲಿ ಮೂಳೆ ಕೂಡಿತೆಂದು ವರದಿ ಮಾಡಿದರು. ೨೦೦೧ರಲ್ಲಿ ವಿಯೆನ್ನಾದ ಶಾಡೆನ್ ಮತ್ತು ಅವರ ಸಂಗಡಿಗರು ೧೧೫ ರೋಗಿಗಳಲ್ಲಿ ೮೭ ಮಂದಿಗೆ ಗುಣವಾಯಿತೆಂದು ತಿಳಿಸಿದರು. ಆದರೆ ಇಂಥ ವರದಿಗಳಲ್ಲಿ ಒಂದು ಕೊರತೆಯುಂಟು. ಚಿಕಿತ್ಸೆ ಪಡೆಯದವರ ಗುಂಪು ಪಕ್ಕದಲ್ಲಿ ಇಲ್ಲದಿದ್ದರೆ, ಗುಣವಾದದ್ದು ಚಿಕಿತ್ಸೆಯಿಂದಲೋ ಕಾಲದಿಂದಲೋ ಹೇಳುವವರಾರು? ೨೦೦೯ರಲ್ಲಿ ಇಟಲಿಯ ಕಾಕಿಯೊ ಮತ್ತು ಅವರ ಸಂಗಡಿಗರು ಕೂಡದೆ ಉಳಿದ ಉದ್ದಮೂಳೆಗಳ ೧೨೬ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಆಘಾತ ತರಂಗ, ಒಂದಕ್ಕೆ ಶಸ್ತ್ರಕ್ರಿಯೆ. ಆರು ತಿಂಗಳ ಮೇಲೆ ತರಂಗದ ಗುಂಪುಗಳಲ್ಲಿ ನೂರಕ್ಕೆ ೭೦ ಮತ್ತು ೭೧ ಮಂದಿಗೂ, ಶಸ್ತ್ರಕ್ರಿಯೆಯ ಗುಂಪಿನಲ್ಲಿ ೭೩ ಮಂದಿಗೂ ಮೂಳೆ ಕೂಡಿತ್ತು. ಕೊಯ್ಯದೆಯೇ ಕೊಯ್ದಷ್ಟು ಫಲ ದೊರೆಯಿತೆಂದರೆ ಅದು ಸಣ್ಣ ಮಾತಲ್ಲ.

ಅಲೆಯ ಪೆಟ್ಟು ಮೂಳೆಯನ್ನು ಬೆಳೆಸುವುದು ಹೇಗೆ? ಮೊದಮೊದಲು ವಿದ್ವಾಂಸರು ಮೂಳೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬಿದ್ದು, ಅವುಗಳನ್ನು ಮುಚ್ಚಲು ಶರೀರವು ಹೊಸ ಮೂಳೆ ಕಟ್ಟುತ್ತದೆಂದು ಭಾವಿಸಿದ್ದರು. ಈಗಿನ ಒಲವು ಬೇರೆ. ಜೀವಕೋಶಗಳಿಗೆ ಒತ್ತಡವನ್ನು ಗ್ರಹಿಸುವ ಶಕ್ತಿಯಿದೆ. ಒತ್ತಡವನ್ನು ಅವು ರಾಸಾಯನಿಕ ಸಂದೇಶವಾಗಿ ಮಾರ್ಪಡಿಸುತ್ತವೆ. ದಿನವೂ ಭಾರ ಹೊರುವವನ ಮೂಳೆ ಗಟ್ಟಿಯಾಗುವುದೂ, ಹಾಸಿಗೆ ಹಿಡಿದವನ ಮೂಳೆ ಸವೆಯುವುದೂ ಈ ಗುಣದಿಂದಲೇ. ಆಘಾತ ತರಂಗ ತಾಗಿದ ಜಾಗದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ, ಹೊಸ ರಕ್ತನಾಳಗಳನ್ನು ಚಿಗುರಿಸುವ ಪ್ರೋಟೀನು ಹೆಚ್ಚುತ್ತದೆ, ಮೂಳೆ ಕಟ್ಟುವ ಕೋಶಗಳನ್ನು ಎಬ್ಬಿಸುವ ಪ್ರೋಟೀನುಗಳೂ ಹೆಚ್ಚುತ್ತವೆಂದು ತೈವಾನಿನ ಸಂಶೋಧಕರು ಪ್ರಾಣಿಗಳಲ್ಲಿ ತೋರಿಸಿದ್ದಾರೆ. ಎಂದರೆ ಅಲೆಯು ತಾನೇ ಮೂಳೆ ಕಟ್ಟುವುದಿಲ್ಲ. ನಿದ್ದೆ ಮಾಡುವ ಆಳುಗಳನ್ನು ಬಾಗಿಲು ತಟ್ಟಿ ಎಬ್ಬಿಸುತ್ತದೆ, ಅಷ್ಟೆ.

ಈಗ ದವಡೆಗೆ ಬರೋಣ. ೨೦೧೦ರಲ್ಲಿ ತೈವಾನಿನವರು ಇಲಿಗಳ ಕೆಳದವಡೆಯನ್ನು ಇಲಿಝಾರೋವ್ ಕ್ರಮದಲ್ಲಿ ಬೆಳೆಸಿ, ಬಳಿಕ ಆಘಾತ ತರಂಗ ಹಾಯಿಸಿದಾಗ ಹೊಸ ಮೂಳೆ ಬೇಗ ಗಟ್ಟಿಯಾಯಿತೆಂದು ಪ್ರಕಟಿಸಿದರು. ೨೦೧೮ರಲ್ಲಿ ಇಸ್ರೇಲಿನ ವೈದ್ಯರೂ ಇಲಿಯ ದವಡೆಯ ಮೇಲೆ ಇದೇ ಬಗೆಯ ಪ್ರಯೋಗವನ್ನು ಪ್ರಕಟಿಸಿದರು. ಮೊಲಗಳ ದವಡೆಯ ಮೇಲೂ ಪ್ರಯೋಗಗಳು ನಡೆದಿವೆ. ಇವೆಲ್ಲ ಆಶಾದಾಯಕವಾದುವೇ. ಆದರೆ ಇಲಿಯ ದವಡೆ ಮನುಷ್ಯನ ದವಡೆಯಲ್ಲ. ಇಲಿಯ ಮೂಳೆ ಅಲೆಯಿಲ್ಲದೆಯೂ ನಮ್ಮದಕ್ಕಿಂತ ಬಹು ಬೇಗ ಕೂಡುತ್ತದೆ. ೨೦೧೪ರಲ್ಲಿ ವಿಯೆನ್ನಾದವರು ಹಲ್ಲು ಸರಿಪಡಿಸುವ ಚಿಕಿತ್ಸೆಯಲ್ಲಿದ್ದ ೨೬ ವಯಸ್ಕರ ಮೇಲೆ ಪರೀಕ್ಷೆ ನಡೆಸಿದರು. ಒಂದು ಸಲ ಸಾವಿರ ಪೆಟ್ಟು ಕೊಟ್ಟರೂ ದವಡೆಯಲ್ಲಿ ಹಲ್ಲು ಸರಿಯುವ ವೇಗ ಗಣನೀಯವಾಗಿ ಹೆಚ್ಚಲಿಲ್ಲ. ಆದುದರಿಂದ ದವಡೆಯ ಮಟ್ಟಿಗೆ ಆಧಾರವೆಂಬುದು ಹೆಚ್ಚಾಗಿ ಪ್ರಾಣಿಗಳ ಪ್ರಯೋಗಗಳಿಗೂ ಸಣ್ಣ ಪ್ರಮಾಣದ ಪರೀಕ್ಷೆಗಳಿಗೂ ಸೇರಿದ್ದು. ಕೈಕಾಲಿನ ಉದ್ದಮೂಳೆಗಳಿಗೆ ದೊರೆತಿರುವ ಸಾಕ್ಷ್ಯದ ತೂಕ ಅದಕ್ಕೆ ಬಂದಿಲ್ಲ.

ನಮ್ಮ ಮನೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ಅಣ್ಣ ಸಂತೆಯಿಂದ ಮೋಟಾರ್ ಬೈಕಿನಲ್ಲಿ ಬರುವಾಗ ಬಿದ್ದು ಕೆಳದವಡೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ತಂತಿ ಕಟ್ಟಿ ಕಳುಹಿಸಿದರು. ರಾಗಿ ಗಂಜಿ, ಬೇಳೆ ಕಟ್ಟು, ಹಣ್ಣಿನ ರಸ, ಇಷ್ಟರಲ್ಲೇ ಅವನು ಆರು ವಾರ ಕಳೆದ. ತಂತಿ ಬಿಚ್ಚಿ ನೋಡಿದರೆ ಮೂಳೆ ಕೂಡಿರಲಿಲ್ಲ. ಮುರಿದ ಜಾಗ ಬೆರಳಿಗೆ ಅಲುಗಾಡುತ್ತಿತ್ತು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಆಗ ಪಟ್ಟಣದ ಒಂದು ಖಾಸಗಿ ಚಿಕಿತ್ಸಾಲಯದವರು, ಆಘಾತ ತರಂಗದ ಆರು ಸರದಿಗೆ ೧೨,೦೦೦ ರೂಪಾಯಿ ಕೊಟ್ಟರೆ ಮೂಳೆ ಕೂಡುವುದು ಖಂಡಿತವೆಂದು ಭರವಸೆ ಕೊಟ್ಟರು. ಅಮ್ಮ ಎಮ್ಮೆಯನ್ನು ಮಾರಲು ಸಿದ್ಧಳಾದಳು. ವ್ಯಾಪಾರಿಯೂ ಬಂದು ನೋಡಿಹೋದ.

ಎಮ್ಮೆ ಮಾರುವುದಕ್ಕೆ ಮುಂಚೆ ಇನ್ನೊಬ್ಬರನ್ನು ಕೇಳೋಣವೆಂದು ನಾನು ಹಟಹಿಡಿದು ಅಣ್ಣನನ್ನು ಸರ್ಕಾರಿ ದಂತವೈದ್ಯಕೀಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಹಿರಿಯ ಶಸ್ತ್ರವೈದ್ಯರು ಕ್ಷ-ಕಿರಣ ಚಿತ್ರವನ್ನು ಬೆಳಕಿಗೆ ಹಿಡಿದು, ಮುರಿದ ಗೆರೆಯ ಮೇಲೆಯೇ ಕುಳಿತಿದ್ದ ಒಂದು ಕೊಳೆತ ಹಲ್ಲನ್ನು ತೋರಿಸಿದರು. ಅಮ್ಮ ತರಂಗದ ಮಾತೆತ್ತಿದಾಗ ಅವರು ನಗಲಿಲ್ಲ, ಗದರಲೂ ಇಲ್ಲ. “ತಾಯೀ, ಆ ಚಿಕಿತ್ಸೆ ಸುಳ್ಳಲ್ಲ. ಆದರೆ ಕೀವು ತುಂಬಿದ ಜಾಗಕ್ಕೂ ಅಲುಗಾಡುವ ಮೂಳೆಗೂ ಅದು ಹತ್ತೋದಿಲ್ಲ. ಮೊದಲು ಹಲ್ಲು ತೆಗೀಬೇಕು, ಮೂಳೆ ನಿಲ್ಲಿಸಬೇಕು. ಆಮೇಲೂ ಕೂಡದಿದ್ದರೆ ಆ ಮಾತು ಯೋಚಿಸೋಣ. ಮತ್ತೆ ನಿಮ್ಮ ಮಗನಿಗೆ ಹೇಳಿ, ಬೀಡಿ ಬಿಡಲಿ,” ಎಂದರು. ಹಲ್ಲು ತೆಗೆದರು, ಸೋಂಕು ಹೋದ ಮೇಲೆ ಲೋಹದ ಪಟ್ಟಿ ಕೂರಿಸಿದರು. ಎರಡು ತಿಂಗಳಿಗೆ ಅಣ್ಣ ರೊಟ್ಟಿ ಅಗಿದ. ಎಮ್ಮೆ ಕೊಟ್ಟಿಗೆಯಲ್ಲಿ ಉಳಿಯಿತು. ಈ ಲೇಖನಕ್ಕಾಗಿ ನಾನು ಓದಿದುದರ ಆರಂಭ ಆ ವೈದ್ಯರ ಆ ನಾಲ್ಕು ಮಾತುಗಳೇ.

ಅವರ ಮಾತಿನ ಅರ್ಥ ಓದಿದ ಮೇಲೆ ಇನ್ನಷ್ಟು ಸ್ಪಷ್ಟವಾಯಿತು. ಮೂಳೆ ಕೂಡಲು ರಕ್ತವೂ ಸ್ಥಿರತೆಯೂ ಬೇಕೆಂದು ಮೊದಲೇ ಹೇಳಿದೆ. ಆಘಾತ ತರಂಗವು ಹೆಚ್ಚೆಂದರೆ ರಕ್ತದ ಕಡೆಗೆ ಸಹಾಯ ಮಾಡಬಲ್ಲುದು. ಸ್ಥಿರತೆಯನ್ನು ಅದು ಕೊಡಲಾರದು. ಅಡಿಪಾಯ ಕದಲುತ್ತಿರುವ ಗೋಡೆಗೆ ಹೆಚ್ಚು ಆಳುಗಳನ್ನು ಹಚ್ಚಿ ಫಲವೇನು? ಬೀಡಿಯ ಹೊಗೆಯಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಮೂಳೆ ಕೂಡುವುದನ್ನು ತಡಮಾಡುತ್ತದೆ. ಒಂದು ಕೈಯಿಂದ ನಾಳವನ್ನು ಹಿಸುಕುತ್ತ ಇನ್ನೊಂದು ಕೈಯಿಂದ ಹಣ ಕೊಟ್ಟು ಅದನ್ನು ಚಿಗುರಿಸುವುದು ಬುದ್ಧಿವಂತರ ಲಕ್ಷಣವಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಆಘಾತ ತರಂಗವೆಂಬ ಹೆಸರಿನಲ್ಲಿ ಎರಡು ಬಗೆಯ ಯಂತ್ರಗಳು ಬಳಕೆಯಲ್ಲಿವೆ. ಮೇಲೆ ವಿವರಿಸಿದುದು ಒಂದು. ಅದು ಶಕ್ತಿಯನ್ನು ಶರೀರದ ಆಳದಲ್ಲಿ ಒಂದು ಬಿಂದುವಿಗೆ ಕೂಡಿಸುತ್ತದೆ. ಇನ್ನೊಂದರಲ್ಲಿ ಗಾಳಿಯ ಒತ್ತಡದಿಂದ ಒಂದು ಸಣ್ಣ ಗುಂಡು ಕೊಳವೆಯಲ್ಲಿ ಓಡಿ ತುದಿಗೆ ಬಡಿಯುತ್ತದೆ. ಅದರಿಂದ ಹುಟ್ಟುವ ಅಲೆಯ ಏರಿಕೆ ನಿಧಾನ. ಶಕ್ತಿಯು ಚರ್ಮದ ಬಳಿಯೇ ಅತಿ ಹೆಚ್ಚಾಗಿದ್ದು ಒಳಗೆ ಹೋದಂತೆ ಚದರಿಹೋಗುತ್ತದೆ. ಭೌತಶಾಸ್ತ್ರದ ನಿಷ್ಕೃಷ್ಟ ಅರ್ಥದಲ್ಲಿ ಅದು ಆಘಾತ ತರಂಗವೇ ಅಲ್ಲ. ಹಿಮ್ಮಡಿ ನೋವು, ಭುಜದ ನೋವು ಮೊದಲಾದುವುಗಳಿಗೆ ಅದನ್ನು ಬಳಸುತ್ತಾರೆ. ಆದರೆ ಕೂಡದ ಮೂಳೆಯ ವರದಿಗಳು ಮುಖ್ಯವಾಗಿ ಮೊದಲ ಬಗೆಯ ಯಂತ್ರದವು. ಎರಡಕ್ಕೂ ಒಂದೇ ಹೆಸರಿರುವುದರಿಂದ ರೋಗಿಗೆ ಭೇದ ತಿಳಿಯುವುದಿಲ್ಲ.

ದವಡೆಯ ಸುತ್ತಮುತ್ತ ಬೇರೆ ಅಪಾಯಗಳೂ ಇವೆ. ಅಲೆಯು ಗಾಳಿಯ ಅಂಚಿನಲ್ಲಿ ಹಿಂದಿರುಗುವಾಗ ಒತ್ತುವ ಗುಣ ಬಿಟ್ಟು ಸೆಳೆಯುವ ಗುಣ ತಾಳುತ್ತದೆ. ಅಂಗಾಂಶ ಹರಿಯುವುದು ಇಂಥ ಸೆಳೆತಕ್ಕೇ. ಶ್ವಾಸಕೋಶದ ಮೇಲೆ ಈ ಅಲೆಯನ್ನು ಬಿಡಬಾರದೆಂಬ ನಿಯಮ ಅದರಿಂದಲೇ ಬಂದಿತು. ಮೇಲ್ದವಡೆಯಲ್ಲಿ ಹಲ್ಲಿನ ಬೇರುಗಳ ಮೇಲೆಯೇ ಗಾಳಿ ತುಂಬಿದ ಕುಹರವಿದೆ. ಕೆಳದವಡೆಯೊಳಗೆ ತುಟಿಗೂ ಹಲ್ಲಿಗೂ ಹೋಗುವ ನರವಿದೆ. ಮೇಲೆ ಕಣ್ಣು ಮತ್ತು ಮೆದುಳು ದೂರವಿಲ್ಲ. ಕ್ಯಾನ್ಸರ್ ಗಡ್ಡೆ ಇರುವ ಜಾಗದಲ್ಲಿ, ರಕ್ತ ಹೆಪ್ಪುಗಟ್ಟದ ರೋಗವಿರುವವರಲ್ಲಿ, ಗರ್ಭಿಣಿಯ ಹೊಟ್ಟೆಯ ಬಳಿ ಈ ಚಿಕಿತ್ಸೆ ನಿಷಿದ್ಧ. ಎಲೆಯಡಿಕೆ ಹೊಗೆಸೊಪ್ಪುಗಳಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ, ದವಡೆಗೆ ಅಲೆ ಹಾಯಿಸುವ ಮೊದಲು ಬಾಯಿಯನ್ನು ತೆರೆಸಿ ನೋಡುವುದು ಮೊದಲ ಕರ್ತವ್ಯ. ಪ್ರಮಾಣದ ಪ್ರಶ್ನೆಯೂ ಇದೆ. ಪೆಟ್ಟು ಹೆಚ್ಚಾದರೆ ರಕ್ತ ಸೋರಿ ಮೂಳೆಯ ಮೇಲಿನ ಪೊರೆಗೆ ಹಾನಿಯಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಆಘಾತ ತರಂಗದ ವಿದ್ಯೆ ಪರದೇಶಗಳಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ. ಅಲ್ಲಿನ ಪ್ರಾಧ್ಯಾಪಕ ಕೆ. ಪಿ. ಜೆ. ರೆಡ್ಡಿಯವರು ಕೈಯಿಂದಲೇ ಒತ್ತಿ ಆಘಾತ ತರಂಗವನ್ನು ಹುಟ್ಟಿಸುವ ಸರಳವಾದ ಕೊಳವೆಯೊಂದನ್ನು ರೂಪಿಸಿದರು. ಅದಕ್ಕೆ ರೆಡ್ಡಿ ಕೊಳವೆ ಎಂಬ ಹೆಸರೇ ನಿಂತಿದೆ. ೨೦೧೧ರಲ್ಲಿ ಅದೇ ಸಂಸ್ಥೆಯ ಜಿ. ಜಗದೀಶ್, ದೀಪಶಿಖಾ ಚಕ್ರವರ್ತಿ ಮೊದಲಾದವರು ಸೂಜಿಯಿಲ್ಲದೆ ಸೂಕ್ಷ್ಮ ಆಘಾತ ತರಂಗದಿಂದಲೇ ಇಲಿಗಳಿಗೆ ಲಸಿಕೆ ಹಾಕಿ ತೋರಿಸಿದರು. ಕ್ಷಿಪಣಿ, ವಿಮಾನಗಳಿಗಾಗಿ ಹುಟ್ಟಿದ ವಿದ್ಯೆ ರೋಗಿಯ ಹಾಸಿಗೆಯ ಬಳಿಗೆ ಬಂದಿರುವುದು ಸಂತೋಷದ ವಿಷಯ.

ಒಟ್ಟಿನಲ್ಲಿ ಹೇಳುವುದಾದರೆ, ಆಘಾತ ತರಂಗವು ಮಾಟವೂ ಅಲ್ಲ, ಮೋಸವೂ ಅಲ್ಲ. ಕೂಡದೆ ಉಳಿದ ಕೈಕಾಲಿನ ಮೂಳೆಗೆ ಅದು ಶಸ್ತ್ರಕ್ರಿಯೆಗೆ ಸಾಟಿಯಾಗಿ ನಿಂತಿದೆ. ಬೆಳೆಸಿದ ದವಡೆಯನ್ನು ಬೇಗ ಗಟ್ಟಿಮಾಡಬಲ್ಲುದೆಂಬ ಆಸೆಗೆ ಪ್ರಾಣಿಗಳಲ್ಲಿ ಆಧಾರ ದೊರೆತಿದೆ. ಮನುಷ್ಯರಲ್ಲಿ ಅದು ಸ್ಥಿರವಾಗಬೇಕಾದರೆ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಸಮನಾಗಿ ಹೋಲಿಸುವ ದೊಡ್ಡ ಪರೀಕ್ಷೆಗಳು ನಡೆಯಬೇಕು.

ನಾವು ಕಲಾ ವಿಭಾಗದವರು ಮೂಳೆ ಕೂಡಿಸಲಾರೆವು. ಆದರೆ ನಮ್ಮ ನಮ್ಮ ಮನೆಗಳಲ್ಲಿ ಕಾಗದ ಓದಬಲ್ಲವರು ಬಹುವೇಳೆ ನಾವೇ. ಯಾರಾದರೂ ಹೊಸ ಚಿಕಿತ್ಸೆಯ ಹೆಸರು ಹೇಳಿ ಖಂಡಿತ ಎಂಬ ಮಾತನ್ನು ಆಡಿದಾಗ ಮೂರು ಪ್ರಶ್ನೆ ಕೇಳುವ ಹೊಣೆ ನಮ್ಮದು: ಇದನ್ನು ಯಾವ ಜೀವಿಯ ಮೇಲೆ, ಯಾವ ಮೂಳೆಯ ಮೇಲೆ ಪರೀಕ್ಷಿಸಿದ್ದಾರೆ? ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸಿದ್ದಾರೆಯೇ? ಮೂಳೆ ಕೂಡದಿರುವ ಕಾರಣವನ್ನು ಮೊದಲು ಹುಡುಕಿದ್ದಾರೆಯೇ? ಈ ಮೂರಕ್ಕೂ ಸಮಾಧಾನವಾದ ಉತ್ತರ ಕೊಡುವ ವೈದ್ಯರ ಕೈಗೆ ನಮ್ಮವರನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು. ಇಂಥ ಪ್ರಶ್ನೆಗಳನ್ನು ವಿನಯದಿಂದ ಕೇಳಲು ಕಲಿಸಿದರೆ ಕಾಲೇಜಿನ ವಿದ್ಯೆ ಸಾರ್ಥಕವಾದಂತೆಯೇ ಸರಿ.